ಕಾರ್ಪೆಟ್ ಕ್ಲೀನರ್ ಮೋಟಾರು ಮೌನ ತಾಳಿದಾಗ...

ಹಬ್ಬಕ್ಕೆ ಎರಡೇ ದಿನ. ನಡುಮನೆಯ ಕಾರ್ಪೆಟ್ ತೊಳೆಯಲೆಂದು ಯಂತ್ರಕ್ಕೆ ನೀರು ತುಂಬಿ ಸ್ವಿಚ್ ಒತ್ತಿದರೆ ಸದ್ದೇ ಇಲ್ಲ. ಮೋಟಾರು ಸುಟ್ಟಿತೆಂಬ ಆತಂಕ ಸಹಜ. ಆದರೆ ಅನೇಕ ವೇಳೆ ದೋಷವಿರುವುದು ಮೋಟಾರಿನ ಹೊರಗೆ. ಹೊರಗಿನಿಂದ ಒಳಕ್ಕೆ ಕ್ರಮವಾಗಿ ಪರೀಕ್ಷಿಸುತ್ತ ಹೋದರೆ ಹಣವೂ ಉಳಿಯುತ್ತದೆ, ಅಪಾಯವೂ ತಪ್ಪುತ್ತದೆ.

ನೀರು ಮತ್ತು ವಿದ್ಯುತ್ ಎರಡೂ ಒಂದೇ ಪೆಟ್ಟಿಗೆಯೊಳಗಿರುವ ಉಪಕರಣವಿದು. ಆದ್ದರಿಂದ ಯಂತ್ರವನ್ನು ಮುಟ್ಟುವ ಮೊದಲು ಒಣಗಿದ ಕೈಯಿಂದ ಪ್ಲಗ್ ಕಿತ್ತು, ನೀರಿನ ತೊಟ್ಟಿಗಳನ್ನು ಬೇರ್ಪಡಿಸಬೇಕು.

ಮೊದಲ ಪರೀಕ್ಷೆ ಗೋಡೆಯ ಸಾಕೆಟ್ಟಿನದು. ಅದಕ್ಕೆ ಟೇಬಲ್ ದೀಪವೊಂದನ್ನು ಜೋಡಿಸಿ ನೋಡಿದರೆ ವಿದ್ಯುತ್ ಇದೆಯೋ ಇಲ್ಲವೋ ತಿಳಿಯುತ್ತದೆ. 1,400 ವಾಟ್‌ನ ಯಂತ್ರ 230 ವೋಲ್ಟ್‌ನಲ್ಲಿ ಸುಮಾರು 6 ಆಂಪಿಯರ್ ಎಳೆಯುವುದರಿಂದ ಅದಕ್ಕೆ 16 ಆಂಪಿಯರ್ ಸಾಕೆಟ್ಟೇ ಸೂಕ್ತ. ತೆಳು ತಂತಿಯ ಎಕ್ಸ್‌ಟೆನ್ಷನ್ ಬಳಸಿದರೆ ವೋಲ್ಟೇಜ್ ಕುಸಿದು ತಂತಿ ಬಿಸಿಯಾಗುತ್ತದೆ. ಸ್ವಿಚ್ ಒತ್ತಿದಾಗಲೆಲ್ಲ ಮನೆಯ 30 ಮಿಲಿಆಂಪಿಯರ್ ಸೋರಿಕೆ ರಕ್ಷಕ ಕೆಳಗೆ ಬೀಳುತ್ತಿದ್ದರೆ ಯಂತ್ರದಲ್ಲಿ ವಿದ್ಯುತ್ ಸೋರಿಕೆಯಿದೆ ಎಂದೇ ಭಾವಿಸಬೇಕು. ಅದನ್ನು ಮತ್ತೆ ಮತ್ತೆ ಮೇಲೆತ್ತುವುದು ಪ್ರಾಣಕ್ಕೆ ಕುತ್ತು.

ಬಳಕೆಯ ನಡುವೆಯೇ ಯಂತ್ರ ನಿಂತಿದ್ದರೆ ಉಷ್ಣ ರಕ್ಷಕ ಕೆಲಸ ಮಾಡಿರಬಹುದು. ಕೊಳವೆ ಅಥವಾ ಫಿಲ್ಟರ್ ಕಟ್ಟಿಕೊಂಡರೆ ಮೋಟಾರಿಗೆ ತಂಪುಗಾಳಿ ಸಾಲದೆ ಅದು ಕಾಯುತ್ತದೆ. ಅಡಚಣೆ ನಿವಾರಿಸಿ, ಅರ್ಧ ಗಂಟೆಯಿಂದ ಒಂದು ಗಂಟೆ ಆರಲು ಬಿಟ್ಟರೆ ಹಲವು ಯಂತ್ರಗಳು ಮತ್ತೆ ಓಡುತ್ತವೆ. ಕೆಲವು ಮಾದರಿಗಳಲ್ಲಿರುವ ಉಷ್ಣ ಫ್ಯೂಸ್ ಒಮ್ಮೆ ಕಡಿದರೆ ಬದಲಾಯಿಸಲೇಬೇಕು. ಅದನ್ನು ತಪ್ಪಿಸಿ ನೇರ ತಂತಿ ಜೋಡಿಸುವುದು ಬೆಂಕಿಗೆ ಆಹ್ವಾನ.

ಮುಂದಿನ ಸುಳಿವು ಶಬ್ದ. ಅನೇಕ ಯಂತ್ರಗಳಲ್ಲಿ ಗಾಳಿ ಹೀರುವ ಮೋಟಾರು ಬೇರೆ, ನೀರಿನ ಪಂಪು ಬೇರೆ. ಪಂಪು ಸದ್ದು ಮಾಡಿ ಹೀರುವಿಕೆ ಮಾತ್ರ ಇಲ್ಲದಿದ್ದರೆ ಹೀರುವ ಮೋಟಾರಿನ ಮೇಲೆ ಶಂಕೆ ಪಡಬೇಕು. ಎರಡೂ ಮೌನವಾಗಿದ್ದರೆ ತಂತಿ, ಪ್ಲಗ್ ಅಥವಾ ಸ್ವಿಚ್ಚಿನಲ್ಲಿ ದೋಷ ಹುಡುಕಬೇಕು. ಮೋಟಾರು ಗುಂಯ್‌ಗುಟ್ಟಿಯೂ ತಿರುಗದಿದ್ದರೆ ಬೇರಿಂಗ್ ತುಕ್ಕು ಹಿಡಿದಿರಬಹುದು. ತಕ್ಷಣ ಪ್ಲಗ್ ಕೀಳದಿದ್ದರೆ ಸುರುಳಿ ಸುಟ್ಟೀತು.

ಕಾರ್ಬನ್ ಬ್ರಷ್ ಸವೆದರೂ ಮೋಟಾರು ನಿಲ್ಲುತ್ತದೆ. ಒಮ್ಮೆ ಓಡಿ, ಮತ್ತೊಮ್ಮೆ ಓಡದಿರುವುದು, ವಿಪರೀತ ಕಿಡಿ ಹಾರುವುದು ಇದರ ಮುನ್ಸೂಚನೆ. ಜೋಡಿ ಬ್ರಷ್‌ಗಳನ್ನು ಒಟ್ಟಿಗೇ ಬದಲಿಸುವುದು ಕ್ರಮ. ಬೆಲೆಯಲ್ಲಿ ಅದು ಹೊಸ ಮೋಟಾರಿಗಿಂತ ಬಹಳ ಅಗ್ಗ. ಸುಟ್ಟ ವಾಸನೆ ಬಂದಿದ್ದರೆ ಮಾತ್ರ ಸುರುಳಿ ಕಟ್ಟಿಸುವ ಅಥವಾ ಮೋಟಾರು ಬದಲಿಸುವ ಲೆಕ್ಕಾಚಾರ. ವಾರಂಟಿ ಇದ್ದಾಗ ಯಂತ್ರವನ್ನು ಬಿಚ್ಚದಿರುವುದೇ ಲೇಸು.

ಮೋಟಾರಿನ ದೊಡ್ಡ ಶತ್ರು ನೊರೆ. ಶಾಂಪೂ ಹೆಚ್ಚಾದರೆ, ಕೊಳೆನೀರಿನ ತೊಟ್ಟಿ ತುಂಬಿದರೆ ನೊರೆ ಮೋಟಾರಿನೊಳಕ್ಕೆ ನುಗ್ಗುತ್ತದೆ. ಶಾಂಪೂ ಅಳತೆ ಮೀರದಂತೆ, ತೊಟ್ಟಿ ಆಗಾಗ ಬರಿದಾಗುವಂತೆ ನೋಡಿಕೊಂಡರೆ ಮುಂದಿನ ಹಬ್ಬಕ್ಕೂ ಯಂತ್ರ ಕೈಕೊಡಲಾರದು.