ಅರಳುಮರಳಿಗೆ ಅಂಕ ಹಾಕುವವರು

ಅಜ್ಜಿ ಮಾತ್ರೆ ನುಂಗಿದ್ದು ಮರೆತು ಇನ್ನೊಂದು ಕೇಳಿದರೆ ಹುಣಸೂರು ಕಡೆಯ ಮನೆಗಳಲ್ಲಿ 'ಅರವತ್ತಕ್ಕೆ ಅರಳುಮರಳು' ಎಂದು ನಕ್ಕು ಸುಮ್ಮನಾಗುತ್ತಾರೆ. ಗಾದೆಯೂ ಒಂದು ಭವಿಷ್ಯವೇ, ಆದರೆ ಸುಳ್ಳು ಭವಿಷ್ಯ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಪ್ರಕಾರ, ಅರವತ್ತು ದಾಟಿದ ಭಾರತೀಯರಲ್ಲಿ ಡಿಮೆನ್ಷಿಯಾ (ಮರೆಗುಳಿ ಕಾಯಿಲೆ) ಇರುವವರು ಶೇ 7.4ರಷ್ಟು. ನೂರರಲ್ಲಿ ಆ ಏಳು ಮಂದಿ ಯಾರು, ಅವರಿಗೆ ಯಾವಾಗ ಬರುತ್ತದೆ ಎಂದು ಮೊದಲೇ ತಿಳಿಯಬಹುದೇ?

2006ರಲ್ಲಿ ಫಿನ್ಲೆಂಡಿನ ಜನರ ಮಾಹಿತಿಯಿಂದ 'ಕೈಡ್' ಎಂಬ ಅಂಕಪಟ್ಟಿ ಬಂತು. ನಡುವಯಸ್ಸಿನ ಬಿಪಿ, ಕೊಲೆಸ್ಟ್ರಾಲ್, ಬೊಜ್ಜು, ಓಡಾಟ ನೋಡಿ ಇಪ್ಪತ್ತು ವರ್ಷ ಮುಂದಿನ ಅಪಾಯ ಹೇಳುವ ಪಟ್ಟಿ ಅದು. ವಯಸ್ಸು 53 ದಾಟಿದ್ದರೆ 4 ಅಂಕ, ಓದು ಆರು ವರ್ಷದೊಳಗೇ ನಿಂತಿದ್ದರೆ 3, ಬಿಪಿಗೆ ಬರೀ 2. ಕೆ.ಆರ್. ನಗರದ ಗದ್ದೆಯಲ್ಲಿ ನಾಟಿ ಹಾಕುವ, ಶಾಲೆಯನ್ನೇ ಕಾಣದ 55ರ ಹೆಂಗಸಿಗೆ ತೋಳಿಗೆ ಬಿಪಿ ಪಟ್ಟಿ ಕಟ್ಟುವ ಮೊದಲೇ 15ಕ್ಕೆ 7 ಬಿದ್ದಿರುತ್ತದೆ!

ಓದಿಲ್ಲದಿರುವುದು ಅಪಾಯ ಹೌದು. ಭಾರತದ ಆ ಅಧ್ಯಯನದಲ್ಲೂ ಹಳ್ಳಿಗರು, ಹೆಂಗಸರು, ಶಾಲೆಗೆ ಹೋಗದವರಲ್ಲೇ ಡಿಮೆನ್ಷಿಯಾ ಹೆಚ್ಚು ಕಂಡಿದೆ. ಆದರೆ ಅಳತೆಗೋಲನ್ನೂ ಅನುಮಾನಿಸಬೇಕು. ಮರೆವಿನ ಪರೀಕ್ಷೆಯಲ್ಲಿ ಪೆನ್ಸಿಲ್ ಹಿಡಿಯದವರಿಗೆ ಪಂಚಕೋನ ಬರೆಯಿರಿ ಎಂದರೆ ಸೋಲುವುದು ಮಿದುಳೋ, ಶಾಲೆಯೋ? ವಯಸ್ಸಿನ ಕಥೆಯೂ ಅಷ್ಟೇ. ಎಚ್.ಡಿ. ಕೋಟೆಯ ಹಾಡಿಗಳ ಎಷ್ಟೋ ಹಿರಿಯರ ಆಧಾರ್‌ನಲ್ಲಿ ಹುಟ್ಟಿದ ದಿನ ಜನವರಿ 1, ನಿಜವಾದ ದಿನ ಗೊತ್ತಿಲ್ಲದ್ದಕ್ಕೆ.

ಮೈಸೂರು ನಗರದಲ್ಲಿ ಹಾಗಲ್ಲ. ಅಲ್ಲಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆ 1934ರಿಂದಲೇ ಶಿಶುಗಳ ತೂಕ, ಉದ್ದ, ತಲೆಸುತ್ತಳತೆ ಬರೆದಿಟ್ಟಿತ್ತು. ಆ ಶಿಶುಗಳನ್ನೇ ಮುಪ್ಪಿನಲ್ಲಿ ಹುಡುಕಿ, ಹುಟ್ಟಿದಾಗಿನ ಗಾತ್ರಕ್ಕೂ ಈಗಿನ ನೆನಪಿಗೂ ನಂಟಿದೆಯೇ ಎಂದು 'ಮೈನಾ' ಅಧ್ಯಯನ ಹುಡುಕಿತು. ಮನೆಯಲ್ಲೇ ಹೆರಿಗೆಯಾದ ಊರುಗಳಿಗೆ ಅಂಥ ಕಡತವೆಲ್ಲಿ? ಕೋಲಾರದ ಶ್ರೀನಿವಾಸಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ, 45 ದಾಟಿದ ಹಳ್ಳಿಗರನ್ನು ವರ್ಷಗಟ್ಟಲೆ ಹಿಂಬಾಲಿಸುತ್ತಿದೆ. ಗುರಿ 10,000 ಜನ. ನಮಗೆ ಹೊಂದುವ ಅಂಕಪಟ್ಟಿ ಬಂದರೆ ಅಂಥ ಕಡೆಯಿಂದಲೇ ಬರಬೇಕು. ಅಮೆರಿಕ 2025ರ ಮೇನಲ್ಲಿ ಒಪ್ಪಿದ ಅಲ್ಝೈಮರ್ಸ್ ರಕ್ತಪರೀಕ್ಷೆಯೂ ಮರೆವು ಆಗಲೇ ಶುರುವಾದವರಿಗೆ ಮಾತ್ರ, ಭವಿಷ್ಯ ಹೇಳಲು ಅಲ್ಲ.

ಅಲ್ಲಿಯವರೆಗೆ ಮನೆಯವರ ಕಣ್ಣೇ ಗತಿ. ಹೊಗೆಸೊಪ್ಪನ್ನು ಬಣ್ಣ ನೋಡಿ ವಿಂಗಡಿಸುವುದರಲ್ಲಿ ಪಳಗಿದ ಪಿರಿಯಾಪಟ್ಟಣದ ಅಜ್ಜ, ಈ ವರ್ಷ ಹೊಂಬಣ್ಣದ ಎಲೆಗೂ ಕಂದು ಎಲೆಗೂ ತಡವರಿಸಿದರೆ ಡಾಕ್ಟರಿಗೆ ಅದನ್ನೇ ಹೇಳಬೇಕು. ಅವರು ಬಿ12, ಥೈರಾಯ್ಡ್ ನೋಡುತ್ತಾರೆ. ಆ ಕೊರತೆಯಿಂದ ಬಂದ ಮರೆವಾದರೆ ಔಷಧಕ್ಕೆ ಬಗ್ಗುವುದುಂಟು.