ವೆಬ್‌ಸೈಟ್ ವಿಳಾಸ ಓದುವುದನ್ನು ಹಿರಿಯರಿಗೆ ಕಲಿಸುವ ಬಗೆ

ಜೈನ ಸಮುದಾಯಕ್ಕೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಮಾನ್ಯತೆ ದೊರೆತದ್ದು 2014ರ ಜನವರಿ 27ರಂದು. ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ ಈಗ ವೆಬ್‌ಸೈಟ್ ಮೂಲಕವೇ ಹೋಗಬೇಕು. ಪಹಣಿ, ಆದಾಯ ಪ್ರಮಾಣಪತ್ರ, ರೈಲು ಟಿಕೆಟ್ ಕೂಡ ಅಲ್ಲೇ ಸಿಗುತ್ತವೆ. ಸ್ಮಾರ್ಟ್‌ಫೋನ್ ಇಲ್ಲದ ಮನೆ ಅಪರೂಪ. ಆದರೂ ವಾಟ್ಸ್‌ಆ್ಯಪ್ ದಾಟಿ ಮುಂದೆ ಹೋಗಲು ಅನೇಕ ಹಿರಿಯರಿಗೆ ಅಂಜಿಕೆ. ಮಗ ಬೆಂಗಳೂರಿನಿಂದ ಬರಲಿ ಎಂದು ಕಾಯುತ್ತಾರೆ, ಅಷ್ಟರಲ್ಲಿ ಅರ್ಜಿಯ ಕೊನೆಯ ದಿನ ಕಳೆದಿರುತ್ತದೆ. ಮಗ ಬಂದರೂ ಫೋನ್ ಕಸಿದುಕೊಂಡು ಎರಡು ನಿಮಿಷದಲ್ಲಿ ಕೆಲಸ ಮುಗಿಸಿಕೊಡುತ್ತಾನೆ. ಕೆಲಸವೇನೋ ಆಯಿತು, ಕಲಿತದ್ದೇನೂ ಇಲ್ಲ. ಕಲ್ಲುಶಿಲ್ಪಕ್ಕೆ ಹೆಸರಾದ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಉಳಿ ಹಿಡಿಯುವುದನ್ನು ಬರೀ ನೋಡಿ ಕಲಿತವರು ಯಾರೂ ಇರಲಾರರು. ಫೋನ್ ಕಲಿಯುವವರ ಕೈಯಲ್ಲೇ ಇರಬೇಕು, ಕಲಿಸುವವರು ಬಾಯಲ್ಲಿ ಮಾತ್ರ ಹೇಳಬೇಕು.

ಮೊದಲು ಕಲಿಸಬೇಕಾದದ್ದು ವಿಳಾಸ ಓದುವುದನ್ನು. ಪುಟದ ಮೇಲ್ಭಾಗದಲ್ಲೋ ಕೆಳಭಾಗದಲ್ಲೋ ಇರುವ ಉದ್ದನೆಯ ಪಟ್ಟಿಯೇ ವಿಳಾಸದ ಜಾಗ. ಒತ್ತಿದರೆ ಪೂರ್ತಿ ಕಾಣುತ್ತದೆ. ಇದನ್ನು ಅಂಚೆ ವಿಳಾಸಕ್ಕೆ ಹೋಲಿಸಿದರೆ ಹಿರಿಯರಿಗೆ ಬೇಗ ಹಿಡಿಯುತ್ತದೆ. ಮನೆ, ಬೀದಿ, ಶಿವಾರಪಟ್ಟಣ, ಮಾಲೂರು ತಾಲ್ಲೂಕು, ಕೋಲಾರ ಜಿಲ್ಲೆ ಎಂದು ಬರೆಯುವಾಗ ಚಿಕ್ಕದು ಮೊದಲು, ದೊಡ್ಡದು ಕೊನೆಗೆ. ಅಂಚೆಯವರು ಕಾಗದ ವಿಂಗಡಿಸುವುದು ಕೊನೆಯ ಸಾಲು ನೋಡಿಯೇ. ವೆಬ್‌ಸೈಟ್ ವಿಳಾಸವೂ ಹಾಗೆಯೇ. ಪಹಣಿ ನೋಡುವ ತಾಣ ‘ಲ್ಯಾಂಡ್‌ರೆಕಾರ್ಡ್ಸ್ ಡಾಟ್ ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್’. ಇದರಲ್ಲಿ ಯಜಮಾನ ಯಾರೆಂದು ಹೇಳುವುದು ಕೊನೆಯ ಭಾಗ. ‘ಜಿಒವಿ ಡಾಟ್ ಇನ್’ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಸಿಗುತ್ತದೆ. ‘ಡಾಟ್ ಕಾಮ್’ ಆದರೆ ಹಣ ಕೊಟ್ಟು ಯಾರು ಬೇಕಾದರೂ ಕೊಳ್ಳಬಹುದು. ನಕಲಿ ತಾಣದವರು ಮೊದಲಲ್ಲಿ ‘ಕರ್ನಾಟಕ’, ‘ಜಿಒವಿ’ ಎಂದೆಲ್ಲ ಸೇರಿಸಿ ಕೊನೆಗೆ ‘ಡಾಟ್ ಕಾಮ್’ ಇಟ್ಟಿರುತ್ತಾರೆ. ದೆಹಲಿಯ ಬೀದಿಯೊಂದಕ್ಕೆ ಶಿವಾರಪಟ್ಟಣ ಬೀದಿ ಎಂದು ಹೆಸರಿಟ್ಟರೆ ಅದು ಮಾಲೂರು ತಾಲ್ಲೂಕಿಗೆ ಸೇರುತ್ತದೆಯೇ? ವಿಳಾಸದ ನಡುವೆ ಓರೆ ಗೀಟು ಬಂದರೆ ಅದರಾಚೆಯದು ಒಳಪುಟದ ಹೆಸರು. ಆ ಗೀಟಿನ ಹಿಂದೆಯೇ ಇರುವುದನ್ನು ನೋಡಬೇಕು. (ಆರಂಭದ ‘ಎಚ್‌ಟಿಟಿಪಿಎಸ್’ ಪಕ್ಕದ ಜೋಡಿ ಗೀಟು ಲೆಕ್ಕಕ್ಕಿಲ್ಲ.) ಇಂಗ್ಲಿಷ್ ಬಾರದ ತಾಯಂದಿರೂ ಜಿ, ಒ, ವಿ, ಐ, ಎನ್ ಎಂಬ ಐದು ಅಕ್ಷರ ಗುರುತಿಸಲು ಕಲಿತರೆ ಅರ್ಧ ಕೆಲಸ ಆದಂತೆ.

ಬೀಗದ ಗುರುತು ಇದ್ದರೆ ಸಾಕು ಎಂದು ಹೇಳಿಕೊಡುವವರಿದ್ದಾರೆ. ಅದು ಸರಿಯಲ್ಲ. ನಡುದಾರಿಯಲ್ಲಿ ಮಾಹಿತಿಯನ್ನು ಯಾರೂ ಓದಲಾರರು ಎಂದಷ್ಟೇ ಅದರ ಅರ್ಥ, ಆ ತುದಿಯಲ್ಲಿ ಕೂತವನು ಪ್ರಾಮಾಣಿಕ ಎಂದಲ್ಲ. ಈ ತಪ್ಪು ತಿಳಿವಳಿಕೆಯ ಕಾರಣಕ್ಕೇ ಗೂಗಲ್ ಕ್ರೋಮ್ 2023ರಲ್ಲಿ ಬೀಗದ ಚಿತ್ರ ತೆಗೆದುಹಾಕಿತು.

ಅಭ್ಯಾಸಕ್ಕೆ ಪಹಣಿ ನೋಡುವುದೇ ಒಳ್ಳೆಯದು. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಎಂಬ ಕ್ರಮ ಜಮೀನು ಇರುವ ಹಿರಿಯರಿಗೆ ಬಾಯಿಪಾಠ. ಬರೀ ನೋಡುವುದಕ್ಕೆ ಹಣ ಕಟ್ಟಬೇಕಿಲ್ಲ, ತಪ್ಪು ಒತ್ತಿದರೆ ಹಿಂದಕ್ಕೆ ಬಂದು ಮತ್ತೆ ಶುರು ಮಾಡಬಹುದು. ನಾಲ್ಕು ಸಲ ತಾವೇ ಮಾಡಿದರೆ ಅಂಜಿಕೆ ಹೋಗುತ್ತದೆ. ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ತಾಣ, ಸೇವಾ ಸಿಂಧು ಆಮೇಲೆ. ಅರ್ಜಿ ಸಲ್ಲಿಸಿದ ಮೇಲೆ ಬರುವ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದಿಡುವ ರೂಢಿಯನ್ನೂ ಜೊತೆಗೇ ಮಾಡಿಸಬೇಕು.

ಗೂಗಲ್‌ನಲ್ಲಿ ಹುಡುಕಿದಾಗ ಮೇಲೆ ಬರುವುದೆಲ್ಲ ಅಸಲಿ ಅಲ್ಲ. ‘ಪ್ರಾಯೋಜಿತ’ ಎಂದಿದ್ದರೆ ಅದು ಹಣ ಕೊಟ್ಟು ಹಾಕಿಸಿದ ಜಾಹೀರಾತು. ತೀರ್ಥಯಾತ್ರೆಗೆ ಹೊರಡುವ ಕುಟುಂಬಗಳು ಇಲ್ಲಿಯೇ ಜಾರುವುದು. ಯಾತ್ರಿಗಳನ್ನು ಗುರಿಯಾಗಿಸಿಕೊಂಡ ನಕಲಿ ಬುಕಿಂಗ್ ತಾಣಗಳ ಬಗ್ಗೆ ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರ 2025ರ ಏಪ್ರಿಲ್‌ನಲ್ಲಿ ಎಚ್ಚರಿಕೆ ನೀಡಿದೆ. ಕ್ಷೇತ್ರಗಳ ಯಾತ್ರಿನಿವಾಸ, ಧರ್ಮಶಾಲೆಗಳು ಸರ್ಕಾರಿ ಅಲ್ಲವಾದ್ದರಿಂದ ಮೇಲಿನ ಐದಕ್ಷರದ ಪರೀಕ್ಷೆ ಇಲ್ಲಿ ನಡೆಯದು. ಹಿಂದೆ ಹೋದಾಗಿನ ರಸೀದಿಯಲ್ಲಿರುವ ಅಥವಾ ಪರಿಚಿತರು ಬಳಸಿದ ಕಚೇರಿ ಸಂಖ್ಯೆಗೆ ಫೋನ್ ಮಾಡಿ, ಖಾತೆ ಯಾರ ಹೆಸರಿನಲ್ಲಿದೆ ಎಂದು ಕೇಳಿಯೇ ಹಣ ಕಳಿಸಬೇಕು. ಬೋರ್ಡು ಚೆನ್ನಾಗಿದೆ ಎಂದು ಗುರುತಿಲ್ಲದ ಅಂಗಡಿಗೆ ಯಾವ ವ್ಯಾಪಾರಿಯೂ ಮುಂಗಡ ಕೊಡುವುದಿಲ್ಲ.

ಹಣ ಹೋಗಿಯೇಬಿಟ್ಟರೆ ನಾಚಿಕೆಪಟ್ಟು ಮನೆಯವರಿಂದ ಮುಚ್ಚಿಡುವುದು ಬೇಡ. ತಕ್ಷಣ 1930ಕ್ಕೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ಬ್ಯಾಂಕಿನಲ್ಲಿ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಕರೆ ಮಾಡುವಾಗ ಹಣ ಕಡಿತವಾದ ಎಸ್‌ಎಂಎಸ್, ವ್ಯವಹಾರದ ಸಂಖ್ಯೆ ಕೈಯಲ್ಲಿರಲಿ.