ಡ್ರ್ಯಾಗನ್ ಏರಿ ಬಂದವನ ಎದುರು

ಆರಡಿ ಉದ್ದ, ನಾಲ್ಕಡಿ ಅಗಲದ ಮೇಜು. ಒಂದು ಬದಿಯಲ್ಲಿ ಭರ್ಜಿ ಹಿಡಿದು ಸಾಲುಗಟ್ಟಿ ನಿಂತ ಐವತ್ತು ಅರವತ್ತು ಪುಟ್ಟ ಸೈನಿಕರು, ಪಕ್ಕದಲ್ಲಿ ಎರಡು ಫಿರಂಗಿ. ಇನ್ನೊಂದು ಬದಿಯಲ್ಲಿ ರೆಕ್ಕೆ ಬಿಚ್ಚಿದ ಡ್ರ್ಯಾಗನ್, ಅದರ ಬೆನ್ನ ಮೇಲೆ ಒಬ್ಬ ರಾಜಕುಮಾರ. ಅವನ ಕೈಯಲ್ಲಿರುವ ಕತ್ತಿ ಎಂಥದ್ದು, ಕೊರಳಿನ ತಾಯತದಲ್ಲಿ ಏನು ಶಕ್ತಿಯಿದೆ ಎಂಬುದು ಎದುರಾಳಿಗೆ ಗೊತ್ತಿಲ್ಲ. ಅದನ್ನೆಲ್ಲ ಬರೆದ ಕಾರ್ಡುಗಳು ಮೇಜಿನ ಅಂಚಿನಲ್ಲಿ ಬೋರಲು ಬಿದ್ದಿವೆ. 1990ರ ದಶಕದಲ್ಲಿ ಬ್ರಿಟನ್ನಿನಲ್ಲಿ ವಾರ್‌ಹ್ಯಾಮರ್ ಎಂಬ ಗೊಂಬೆಸೈನ್ಯದ ಯುದ್ಧದಾಟ ಆಡುತ್ತಿದ್ದವರಿಗೆ ಇದು ಮಾಮೂಲಿ ನೋಟ. ಆ ಕಾಲದ ಆಟಕ್ಕೆ ಆಟಗಾರರೇ ಒಂದು ಅಡ್ಡಹೆಸರು ಇಟ್ಟರು: 'ಹೀರೋಹ್ಯಾಮರ್'. ಹೊಗಳಿಕೆಯ ಹೆಸರಲ್ಲ ಅದು.

ಆಟದ ಲೆಕ್ಕ ಸರಳ. ಇಬ್ಬರು ಆಟಗಾರರಿಗೂ ಸಮಾನ ಪಾಯಿಂಟ್, ಸಾಮಾನ್ಯವಾಗಿ ಎರಡು ಸಾವಿರ. ಆ ದುಡ್ಡಿನಲ್ಲಿ ಕಾಲಾಳು, ಕುದುರೆ ಸವಾರ, ಫಿರಂಗಿ, ನಾಯಕ, ಮಂತ್ರವಾದಿ ಎಲ್ಲವನ್ನೂ 'ಕೊಳ್ಳಬೇಕು'. ಉಳಿದದ್ದು ಇಂಚುಪಟ್ಟಿ ಮತ್ತು ದಾಳದ ಪಾಲು. ಹಾಗಾದರೆ ಒಬ್ಬನೇ ನಾಯಕನ ಮೇಲೆ ಅರ್ಧ ಖಜಾನೆ ಸುರಿಯುವ ಯೋಚನೆ ಬಂದದ್ದು ಎಲ್ಲಿಂದ?

ಮೊದಮೊದಲು ಅಂಥ ಯೋಚನೆಗೆ ಜಾಗವೇ ಇರಲಿಲ್ಲ. ಎಚ್.ಜಿ. ವೆಲ್ಸ್ 1913ರಲ್ಲಿ 'ಲಿಟಲ್ ವಾರ್ಸ್' ಎಂಬ ಪುಸ್ತಕ ಬರೆದು ಆಟಿಕೆ ಸೈನಿಕರ ಯುದ್ಧಕ್ಕೆ ನಿಯಮ ಕಟ್ಟಿಕೊಟ್ಟಾಗ, ಕೈಕೈ ಮಿಲಾಯಿಸಿದರೆ ಆಳಿಗೆ ಆಳು ಸಾಯುತ್ತಿದ್ದ. ಆ ಗೊಂಬೆಗಳಲ್ಲಿ ಮೇಲು ಕೀಳಿಲ್ಲ. ಅಲ್ಲಿ ನಿಜವಾದ ವೀರ ಯಾರಾದರೂ ಇದ್ದರೆ ಅದು ಸ್ಪ್ರಿಂಗ್ ಬಿಗಿದು ಮರದ ಗುಂಡು ಹಾರಿಸುವ ಆಟಿಕೆ ಫಿರಂಗಿ.

ವೀರ ಹುಟ್ಟಿದ್ದು ಅಟ್ಲಾಂಟಿಕ್‌ನ ಆಚೆ ದಡದಲ್ಲಿ. 1971ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ 'ಚೈನ್‌ಮೇಲ್' ಎಂಬ ಮಧ್ಯಯುಗದ ಯುದ್ಧದಾಟದ ಪುಸ್ತಕ ತಂದರು. ಅದರ ಕೊನೆಗೆ ಮಾಂತ್ರಿಕ ಲೋಕದ ಒಂದು ಅನುಬಂಧ ಅಂಟಿಕೊಂಡಿತ್ತು: ಡ್ರ್ಯಾಗನ್, ಮಂತ್ರವಾದಿ, ಮಂತ್ರದ ಕತ್ತಿ, ಜೊತೆಗೆ ವೀರ ಮತ್ತು ಮಹಾವೀರ. ವೀರ ನಾಲ್ಕು ಆಳಿಗೆ ಸಮ, ಮಹಾವೀರ ಎಂಟಕ್ಕೆ. ಇದರಲ್ಲಿ ಒಂದು ಸೂಕ್ಷ್ಮವಿತ್ತು. ವೀರನನ್ನು ಕೊಲ್ಲಬೇಕಾದರೆ ನಾಲ್ಕು ಏಟುಗಳೂ ಒಂದೇ ಸರದಿಯಲ್ಲಿ ಬೀಳಬೇಕು. ಮೂರು ಬಿದ್ದರೆ ಅವನಿಗೆ ಗಾಯವೇ ಇಲ್ಲ. ಮುಂದಿನ ಸರದಿಯಲ್ಲಿ ಮತ್ತೆ ಒಂದರಿಂದ ಎಣಿಕೆ. ಎದುರಾಳಿಯ ವೀರನನ್ನು ಕಂಡು ಹಲ್ಲು ಕಡಿಯುವ ಪರಂಪರೆ ಶುರುವಾದದ್ದು ಬಹುಶಃ ಇಲ್ಲಿಂದಲೇ.

ಮುಂದಿನ ದಾರಿ ವಿಚಿತ್ರ. ಈ ವೀರ ಸೈನ್ಯ ಬಿಟ್ಟು ಒಂಟಿಯಾಗಿ ಸುರಂಗ ಹೊಕ್ಕ. ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಪ್ರಕಟಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'ನಲ್ಲಿ ಒಬ್ಬ ಆಟಗಾರನಿಗೆ ಒಂದೇ ಪಾತ್ರ. ರಾಕ್ಷಸರನ್ನು ಕೊಂದು, ನಿಧಿ ಹೊತ್ತು, ಮಂತ್ರದುಂಗುರ ತೊಟ್ಟು ಆ ಪಾತ್ರ ಬೆಳೆಯುತ್ತ ಹೋಗುತ್ತದೆ. ಮರುವರ್ಷ ಲಂಡನ್ನಿನಲ್ಲಿ ಇಯಾನ್ ಲಿವಿಂಗ್‌ಸ್ಟನ್, ಸ್ಟೀವ್ ಜಾಕ್ಸನ್ ಮತ್ತು ಜಾನ್ ಪೀಕ್ ಎಂಬ ಮೂವರು ಗೆಳೆಯರು ಗೇಮ್ಸ್ ವರ್ಕ್‌ಶಾಪ್ ಕಟ್ಟಿ ಈ ಆಟವನ್ನು ಯುರೋಪಿಗೆ ತರಿಸತೊಡಗಿದರು. ಅದರ ಬೆನ್ನಿಗೆ ಸಿಟಡೆಲ್ ಮಿನಿಯೇಚರ್ಸ್ ಎಂಬ ಲೋಹದ ಗೊಂಬೆಗಳ ಕಾರ್ಖಾನೆ ಬಂತು. ಆದರೆ ವ್ಯಾಪಾರಕ್ಕೆ ಒಂದು ಅಡಚಣೆ: ಪಾತ್ರ ಆಡುವವನಿಗೆ ಬೇಕಾದದ್ದು ಒಂದೋ ಎರಡೋ ಗೊಂಬೆ. ಸೈನ್ಯ ಕಟ್ಟುವವನಾದರೆ ನೂರು ಕೊಳ್ಳುತ್ತಾನೆ. ಬ್ರಯನ್ ಆನ್ಸೆಲ್, ರಿಚರ್ಡ್ ಹ್ಯಾಲಿವೆಲ್ ಮತ್ತು ರಿಕ್ ಪ್ರೀಸ್ಟ್ಲಿ 1983ರಲ್ಲಿ ವಾರ್‌ಹ್ಯಾಮರ್ ರೂಪಿಸಿದ್ದರ ಹಿಂದೆ ಈ ಗಣಿತವೂ ಇತ್ತು. ಹಾಗೆ ಸುರಂಗಕ್ಕೆ ಹೋಗಿದ್ದ ವೀರ ಮರಳಿ ಸೈನ್ಯಕ್ಕೆ ಬಂದ. ಬರಿಗೈಯಲ್ಲಿ ಬರಲಿಲ್ಲ, ಅಲ್ಲಿ ಗಳಿಸಿದ ಅಷ್ಟೂ ಮಂತ್ರಾಯುಧಗಳನ್ನು ಹೊತ್ತು ತಂದ.

ಕಟ್ಟೆ ಒಡೆದದ್ದು 1992ರ ನಾಲ್ಕನೇ ಆವೃತ್ತಿಯಲ್ಲಿ. ದೊಡ್ಡ ಪೆಟ್ಟಿಗೆ, ಅದರೊಳಗೆ ಪ್ಲಾಸ್ಟಿಕ್ಕಿನ ಎಲ್ಫ್ ಮತ್ತು ಗಾಬ್ಲಿನ್ ಪಡೆಗಳು, ಒಂದೊಂದು ಜನಾಂಗಕ್ಕೂ ಪ್ರತ್ಯೇಕ ಆರ್ಮಿ ಪುಸ್ತಕ. ಹೆಚ್ಚಿನ ಪುಸ್ತಕಗಳಲ್ಲಿ ಸೈನ್ಯದ ಅರ್ಧದಷ್ಟು ಪಾಯಿಂಟನ್ನು ನಾಯಕರ ಮೇಲೇ ಖರ್ಚು ಮಾಡಲು ಅವಕಾಶ. ದಳದ ಮುಂದಾಳಿಗೆ ಒಂದು ಮಾಯಾವಸ್ತು, ಹೀರೋಗೆ ಎರಡು, ಲಾರ್ಡ್‌ಗೆ ಮೂರು, ಮಹಾಮಂತ್ರವಾದಿಗೆ ನಾಲ್ಕು. ಒಂದೊಂದಕ್ಕೂ ಒಂದು ಕಾರ್ಡು. ಬಳಸುವ ಕ್ಷಣದವರೆಗೆ ಅದನ್ನು ತೋರಿಸಬೇಕಾಗಿಲ್ಲ. ಎಲ್ಫ್ ರಾಜಕುಮಾರ ಟಿರಿಯನ್, ಸತ್ತವರನ್ನು ಎಬ್ಬಿಸಿ ಸೈನ್ಯ ಕಟ್ಟುವ ನಾಗಾಶ್ ಮೊದಲಾದ ಹೆಸರಾಂತರು ಬೇರೆ ಇದ್ದರು. ಅವರನ್ನು ಎದುರಾಳಿ ಒಪ್ಪಿದರೆ ಮಾತ್ರ ಇಳಿಸಬೇಕೆಂಬ ಷರತ್ತಿತ್ತು. ಹೊಸದಾಗಿ ಬಣ್ಣ ಬಳಿದ ಗೊಂಬೆಯನ್ನು ಕೈಯಲ್ಲಿ ಹಿಡಿದು ನಿಂತ ಗೆಳೆಯನಿಗೆ ಬೇಡ ಎನ್ನುವುದು ಅಷ್ಟು ಸುಲಭವಲ್ಲ, ಆ ಮಾತು ಬೇರೆ.

ಮಾಯಾವಸ್ತುಗಳ ಪಟ್ಟಿಯನ್ನು ಈಗ ತಿರುವಿ ಹಾಕಿದರೆ ಬೆರಗಾಗುವುದು ಬಲಿಷ್ಠ ಕತ್ತಿಗಳನ್ನು ನೋಡಿ ಅಲ್ಲ. ಬಲಿಷ್ಠನನ್ನು ಬೀಳಿಸುವ ಕುತಂತ್ರದ ಸರಕು ಅದರಲ್ಲಿ ಎಷ್ಟೊಂದಿದೆ ಎಂಬುದನ್ನು ನೋಡಿ. 'ಬ್ಲ್ಯಾಕ್ ಜೆಮ್ ಆಫ್ ನಾರ್' ಎಂಬ ಕರಿಹರಳು ತೊಟ್ಟವನು ಎದುರಾಳಿಯ ನಾಯಕನಿಗೆ ತಾಗಿ ನಿಂತು ಅದನ್ನು ಪ್ರಯೋಗಿಸಿದರೆ ಇಬ್ಬರೂ ಕಾಲದೊಳಗೆ ಹೆಪ್ಪುಗಟ್ಟುತ್ತಾರೆ. ಹೊಡೆಯುವಂತಿಲ್ಲ, ಹೊಡೆಸಿಕೊಳ್ಳುವಂತಿಲ್ಲ. ಇದನ್ನು ಒಬ್ಬ ಅಗ್ಗದ ಮುಂದಾಳಿನ ಕೊರಳಿಗೆ ಹಾಕಿ ಕಳಿಸಿದರೆ, ಐನೂರು ಪಾಯಿಂಟಿನ ಮಹಾರಥಿ ಯುದ್ಧ ನಡೆಯುತ್ತಿರುವಾಗ ಗಡಿಕಲ್ಲಿನಂತೆ ನಿಂತುಬಿಟ್ಟ. ಎಂಪೈರ್ ಸೈನ್ಯದ 'ವಾನ್ ಹಾರ್ಸ್ಟ್‌ಮನ್ಸ್ ಸ್ಪೆಕ್ಯುಲಮ್' ಇನ್ನೂ ಕಿಡಿಗೇಡಿ ಕನ್ನಡಿ. ದ್ವಂದ್ವಕ್ಕೆ ಇಳಿದವರ ಬಲ, ತಾಳಿಕೆ, ಚುರುಕು, ಏಟುಗಳ ಸಂಖ್ಯೆ ಎಲ್ಲ ಅದಲು ಬದಲು. ಸಾಧಾರಣ ಸೇನಾನಿಯೊಬ್ಬ ರಕ್ಕಸನ ತೋಳಿನಿಂದ ಹೊಡೆಯುತ್ತಾನೆ, ರಕ್ಕಸ ಮನುಷ್ಯನ ಮೈಯಲ್ಲಿ ಆ ಏಟು ತಿನ್ನುತ್ತಾನೆ. ಈ ಕನ್ನಡಿ ಸೈನ್ಯದಲ್ಲಿ ನಿಜವಾಗಿ ಇರಬೇಕೆಂದೂ ಇಲ್ಲ. ಇರಬಹುದೆಂಬ ಅನುಮಾನ ಸಾಕು, ಎದುರಿನ ಲಾರ್ಡ್ ಸವಾಲು ಹಾಕಲು ಹಿಂದೆ ಮುಂದೆ ನೋಡುತ್ತಾನೆ. ಬೋರಲು ಬಿದ್ದ ಕಾರ್ಡಿನ ಬೆಲೆ ಇದ್ದದ್ದು ಅಲ್ಲೇ.

ಒಂದೇ ಸಲ ಬಳಸಬಹುದಾದ ವಸ್ತುಗಳ ಆಟವೇ ಬೇರೆ. ಎದುರಾಳಿಯ ಮಂತ್ರವನ್ನು ಕಣ್ಣು ಮುಚ್ಚಿ ತಡೆಯುವ ಡಿಸ್ಪೆಲ್ ಸ್ಕ್ರಾಲ್ ಒಮ್ಮೆ ಓದಿದರೆ ಮುಗಿಯಿತು. ಹಾಗಾಗಿ ಪಳಗಿದವರು ಮೊದಲು ಒಂದು ಮಧ್ಯಮ ಮಂತ್ರವನ್ನು ಜೋರಾಗಿ ಎಸೆದು ಸ್ಕ್ರಾಲ್ ಖರ್ಚು ಮಾಡಿಸಿ, ಆಮೇಲೆ ಅಸಲಿ ಮಂತ್ರ ತೆಗೆಯುತ್ತಿದ್ದರು. ಕರ್ಣ ಅರ್ಜುನನಿಗೆಂದು ಜೋಪಾನ ಮಾಡಿದ್ದ ಶಕ್ತ್ಯಾಯುಧವನ್ನು ಘಟೋತ್ಕಚನ ಮೇಲೆ ಬಿಡುವಂತೆ ಮಾಡಿದ ಕೃಷ್ಣನಿಗೆ ಈ ಮೇಜಿನ ಬಳಿ ಯಾರೂ ಏನೂ ಹೇಳಿಕೊಡಬೇಕಾಗಿರಲಿಲ್ಲ.

ಆದರೆ ಕನ್ನಡಿ, ಹರಳುಗಳಿಗಿಂತ ಬಾಳಿಕೆ ಬಂದ ಉತ್ತರ ಕಾಲಾಳುಗಳ ಸಾಲಿನಲ್ಲಿತ್ತು. 2000ದ ಆರನೇ ಆವೃತ್ತಿಯ ಲೆಕ್ಕದಲ್ಲಿ ಒಂದು ಕಾಳಗವನ್ನು ಹತ್ತಿರದಿಂದ ನೋಡಬಹುದು. ಐದೈದರ ಐದು ಸಾಲಿನಲ್ಲಿ ನಿಂತ 25 ಭರ್ಜಿಯವರು. ಅವರ ಮೇಲೆ ಬೀಳುವವನು ಕೇಯಾಸ್ ಪಡೆಯ ಲಾರ್ಡ್, ಒಬ್ಬನೇ, ಐದು ಏಟು. ನಾಲ್ಕು ತಾಗಿ ನಾಲ್ವರು ಸತ್ತರೆನ್ನಿ. ಅವನಿಗೆ ನಾಲ್ಕು ಅಂಕ. ಭರ್ಜಿಯವರು ಅವನಿಗೆ ಒಂದು ಗೀರನ್ನೂ ಮಾಡಲಿಲ್ಲ. ಆದರೂ ಹಿಂದೆ ನಿಂತ ಸಾಲುಗಳಿಗೆ ಮೂರು, ಬಾವುಟಕ್ಕೆ ಒಂದು, ಸಂಖ್ಯೆಯಲ್ಲಿ ಹೆಚ್ಚಿದ್ದಕ್ಕೆ ಇನ್ನೊಂದು, ಒಟ್ಟು ಐದು. ನಾಲ್ಕು ಹೆಣ ಉರುಳಿಸಿದವನು ಒಂದು ಅಂಕದಿಂದ ಸೋತ. ಈಗ ಎರಡು ದಾಳ ಹಾಕಿ ಎಂಟು ಅಥವಾ ಅದಕ್ಕಿಂತ ಕಡಿಮೆ ತೆಗೆಯಬೇಕು; ಒಂಬತ್ತು ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಬೆನ್ನು ತೋರಿಸಬೇಕು, ಅಟ್ಟಿಸಿಕೊಂಡು ಬಂದವರು ಹಿಡಿದರೆ ಮಂತ್ರಕವಚವೂ ಸೇರಿ ಅಷ್ಟೂ ಮಟ್ಟ. ಬೆನ್ನು ತೋರಿಸಬೇಕಾಗುವ ಸಾಧ್ಯತೆ ದೊಡ್ಡದೇನಲ್ಲ, 36ರಲ್ಲಿ 10. ಆದರೆ ಹಾಕಿದ ಹಣ ನೋಡಿದರೆ ಯಾವ ಲಾರ್ಡ್‌ಗೂ ಇದು ಲಾಭದ ಪಂದ್ಯವಲ್ಲ. ಪಕ್ಕೆಯಿಂದ ಇನ್ನೊಂದು ದಳ ಬಂದು ಸೇರಿದರಂತೂ ಅವನ ಕಥೆ ಮತ್ತಷ್ಟು ಕಷ್ಟ.

ದ್ವಂದ್ವದ ನಿಯಮದಲ್ಲೂ ಬಡವರಿಗೆ ಒಂದು ಕಿಂಡಿ ಇತ್ತು. ಲಾರ್ಡ್ ಸವಾಲು ಹಾಕಿದರೆ ಉತ್ತರಿಸಲು ನಿಮ್ಮ ದುಬಾರಿ ಮಂತ್ರವಾದಿಯೇ ಮುಂದೆ ಬರಬೇಕೆಂದಿಲ್ಲ. ದಳದ ಮುಂದಾಳು ಹೆಜ್ಜೆ ಮುಂದಿಟ್ಟರೆ ಸಾಕು. ಅವನು ಸಾಯುತ್ತಾನೆ, ಅನುಮಾನವಿಲ್ಲ. ಆದರೆ ಆ ಸರದಿಯ ಏಟೆಲ್ಲ ಅವನ ಪಾಲಿಗೇ ಹೋಗಿ ಮಂತ್ರವಾದಿ ಉಳಿದ. ಸತ್ತವನಿಗೇ ಹೊಡೆದ ಹೆಚ್ಚುವರಿ ಏಟುಗಳಿಗೂ ಐದರ ತನಕ ಅಂಕ ಕೊಡುವ ನಿಯಮ ಈ ಕಿಂಡಿಯನ್ನು ಅಷ್ಟಿಷ್ಟು ಮುಚ್ಚಿತು, ಪೂರ್ತಿ ಮುಚ್ಚಲಿಲ್ಲ.

ಇನ್ನು ಹೋರಾಡದೆ ಗೆಲ್ಲುವುದು. ಕೋರ್ನ್ ಎಂಬ ರಕ್ತಪಿಪಾಸು ದೇವರ ಭಕ್ತರು ರೊಚ್ಚಿಗೆದ್ದರೆ, ಎಟಕುವ ದೂರದಲ್ಲಿ ಯಾರೇ ಕಂಡರೂ ಮೇಲೆ ಬೀಳಲೇಬೇಕೆಂಬ ಕಟ್ಟಳೆ. ಐದು ಹಗುರ ಕುದುರೆಯವರನ್ನು ಅವರೆದುರು ಓರೆಯಾಗಿ ನಿಲ್ಲಿಸಿ, ನುಗ್ಗಿ ಬಂದಾಗ ಓಡಿಹೋಗುವುದು. ಸರದಿಗೊಮ್ಮೆ ಹೀಗೆ ಸತಾಯಿಸಿ ಇಡೀ ದಂಡನ್ನು ಅದರ ನಾಯಕನ ಸಮೇತ ಮೇಜಿನ ಮೂಲೆಗೆ ಎಳೆದೊಯ್ಯುವುದು. ಆಟ ಮುಗಿಯುವ ಹೊತ್ತಿಗೆ ಆ ಮಹಾವೀರನ ಕತ್ತಿಗೆ ರಕ್ತವೇ ತಾಗಿರುವುದಿಲ್ಲ. ನೋಡುವವರಿಗೆ ಪುಕ್ಕಲುತನ ಅನ್ನಿಸೀತು. ಆದರೆ ಇಡೀ ಆಟದಲ್ಲಿ ಕೈಚಳಕ ಅತಿ ಹೆಚ್ಚು ಬೇಡುವುದು ಇದೇ.

ಡ್ರ್ಯಾಗನ್‌ಗೆ ಫಿರಂಗಿ ಮದ್ದು. ಬಹುಕಾಲ ಆಟದಲ್ಲಿ ಮೊದಲೇ ದೂರ ಅಳೆಯುವಂತಿರಲಿಲ್ಲ; ಕಣ್ಣಳತೆಯಲ್ಲಿ ಇಷ್ಟು ಇಂಚು ಎಂದು ಹೇಳಿ, ಎರಡರಿಂದ ಹತ್ತರವರೆಗಿನ ವಿಶೇಷ ದಾಳ ಹಾಕಬೇಕು, ಗುಂಡು ಅಷ್ಟು ಮುಂದೆ ಬಿದ್ದು ಇನ್ನೊಮ್ಮೆ ಪುಟಿಯುತ್ತದೆ. ದಾಳದಲ್ಲಿ ಅಪಶಕುನದ ಮುಖ ಬಿದ್ದರೆ ಫಿರಂಗಿಯೇ ಸಿಡಿಯಬಹುದು. ಹಾಗಾಗಿ ಅನುಭವಿಗಳು ಗುರಿಯ ದೂರ ಹೇಳುತ್ತಿರಲಿಲ್ಲ, ಅದಕ್ಕಿಂತ ಏಳೆಂಟು ಇಂಚು ಕಡಿಮೆ ಹೇಳುತ್ತಿದ್ದರು. ತಾಗಿದ ಗುಂಡಿನ ಬಲ ಹತ್ತು, ಪಟ್ಟಿಯಲ್ಲಿ ಅದಕ್ಕಿಂತ ಮೇಲಿಲ್ಲ.

ನಿಯಮ ಬರೆಯುವವರೂ ಸುಮ್ಮನೆ ಕೂತಿರಲಿಲ್ಲ. ಟೂಮಾಸ್ ಪಿರಿನೆನ್ ಮುಂದಾಳತ್ವದ ಆರನೇ ಆವೃತ್ತಿ ಹಳೆಯ ಆರ್ಮಿ ಪುಸ್ತಕಗಳನ್ನೆಲ್ಲ ಒಂದೇ ಏಟಿಗೆ ಬದಿಗೆ ಸರಿಸಿ, 'ರಾವೆನಿಂಗ್ ಹೋರ್ಡ್ಸ್' ಎಂಬ ತೆಳು ಪುಸ್ತಕದಿಂದ ಹೊಸದಾಗಿ ಶುರು ಮಾಡಿತು. ಎರಡು ಸಾವಿರದ ಸೈನ್ಯಕ್ಕೆ ನಾಲ್ಕೇ ನಾಯಕರು, ಅವರಲ್ಲಿ ಲಾರ್ಡ್ ಒಬ್ಬನೇ. ಲಾರ್ಡ್‌ಗೆ ಸಾಮಾನ್ಯವಾಗಿ ನೂರು ಪಾಯಿಂಟಿನ ಮಾಯಾವಸ್ತು, ಹೀರೋಗೆ ಐವತ್ತರದ್ದು. ಮೇಜಿನ ಮೇಲೆ ಮತ್ತೆ ಸೈನ್ಯ ಕಾಣಿಸಿತು. ಆದರೆ ಕೆಲವು ವರ್ಷಗಳಲ್ಲಿ ಹೊಸ ಪುಸ್ತಕಗಳು ಒಂದನ್ನೊಂದು ಮೀರಿಸುತ್ತ ಹೋದವು. 2010ರ ಎಂಟನೇ ಆವೃತ್ತಿ ಲಾರ್ಡ್‌ಗಳಿಗೆ ಶೇ 25, ಹೀರೋಗಳಿಗೆ ಶೇ 25 ಎಂದು ಮಿತಿ ಹಾಕಿತು. ಅದೇ ಪುಸ್ತಕ ನಾಯಕರ ತಲೆ ತೆಗೆಯುವ ಮಂತ್ರಗಳನ್ನೂ ಹೊತ್ತು ತಂದಿತು. 'ಡ್ವೆಲರ್ಸ್ ಬಿಲೋ' ಬಿದ್ದ ದಳದಲ್ಲಿ ಪ್ರತಿಯೊಬ್ಬನೂ ದಾಳ ಹಾಕಿ ತನ್ನ ಬಲವನ್ನು ಮೀರದ ಸಂಖ್ಯೆ ತೆಗೆಯಬೇಕು. ಬಲ ಮೂರರ ಮಂತ್ರವಾದಿಗೆ ನಾಲ್ಕು, ಐದು, ಆರು ಬಿದ್ದರೆ ಸಾವು; ಕವಚವೂ ಇಲ್ಲ, ತಾಯತವೂ ಇಲ್ಲ. ಇದೇ ಆವೃತ್ತಿಯಲ್ಲಿ ದೂರ ಊಹಿಸುವ ಆಟ ಹೋಯಿತು, ಫಿರಂಗಿ ಗುಂಡು ಡ್ರ್ಯಾಗನ್‌ನ ಜೊತೆ ಸವಾರನಿಗೂ ತಾಗತೊಡಗಿತು. ವೀರನನ್ನು ಹಗ್ಗ ಕಟ್ಟಿ ಹಿಡಿಯುವ ಬದಲು ಹೊಂಡ ತೋಡಿ ಬೀಳಿಸಿದ ಪರಿಹಾರ ಇದು. ಮುನ್ನೂರು ನಾನೂರು ಪಾಯಿಂಟ್ ಒಂದೇ ದಾಳಕ್ಕೆ ಮಣ್ಣಾಗುವುದರಲ್ಲಿ ಕೊಂದವನಿಗೂ ಅಂಥ ಸುಖವಿರಲಿಲ್ಲ.

2014ರಲ್ಲಿ 'ಎಂಡ್ ಟೈಮ್ಸ್' ಎಂಬ ಪ್ರಳಯಕಥೆಯ ಸರಣಿ ಬಂದಾಗ ಗೇಮ್ಸ್ ವರ್ಕ್‌ಶಾಪ್ ಲಾರ್ಡ್‌ಗಳ ಮಿತಿಯನ್ನು ಶೇ 50ಕ್ಕೆ ಏರಿಸಿತು. ನಾಗಾಶ್ ಹೊಸ, ಬೃಹತ್ ಗೊಂಬೆಯಾಗಿ ಮರಳಿದ್ದ. ಅವನನ್ನು ಕೊಂಡವರಿಗೆ ಮೇಜಿನ ಮೇಲೆ ಇಡಲು ಜಾಗ ಬೇಡವೇ? ಮರುವರ್ಷ ಆ ಲೋಕವನ್ನೇ ಮುಗಿಸಿ, 'ಏಜ್ ಆಫ್ ಸಿಗ್ಮಾರ್' ಎಂಬ ಬೇರೆಯೇ ಆಟ ಇಳಿಸಿತು. ಹಳೆಯದನ್ನು ಬಿಡಲೊಲ್ಲದ ಯುರೋಪಿನ ಸ್ಪರ್ಧಾ ಆಟಗಾರರು 'ದಿ ನೈನ್ತ್ ಏಜ್' ಎಂದು ತಮ್ಮದೇ ನಿಯಮ ಬರೆದುಕೊಂಡರು. ಇನ್ನು ಕೆಲವರು ಆಗಲೇ ಮ್ಯಾಂಟಿಕ್ ಕಂಪನಿಯ 'ಕಿಂಗ್ಸ್ ಆಫ್ ವಾರ್' ಕಡೆ ಹೊರಳಿದ್ದರು. ಅದರ ನಿಯಮಕಾರ ಅಲೆಸಿಯೊ ಕವಾಟೊರೆ ಹಿಂದೆ ವಾರ್‌ಹ್ಯಾಮರ್‌ಗೇ ನಿಯಮ ಬರೆದವರು; ಅಲ್ಲಿ ಕಲಿತದ್ದನ್ನು ಇಲ್ಲಿ ಉಲ್ಟಾ ಹೊಡೆದರೇನೋ. ಒಂದು ದಳಕ್ಕಾಗಲಿ ಒಬ್ಬ ವೀರನಿಗಾಗಲಿ ಮಾಯಾವಸ್ತು ಒಂದೇ, ಮತ್ತು ವೀರ ದಳಕ್ಕೆ ನೆರವಾಗುವವನೇ ಹೊರತು ದಳವನ್ನು ನುಂಗುವವನಲ್ಲ.

2024ರ ಜನವರಿಯಲ್ಲಿ ಹಳೆಯ ಲೋಕ 'ದಿ ಓಲ್ಡ್ ವರ್ಲ್ಡ್' ಎಂಬ ಹೆಸರಿನಲ್ಲಿ ವಾಪಸಾಯಿತು. ನಾಯಕರಿಗೆ ಮತ್ತೆ ಅರ್ಧ ಸೈನ್ಯದ ಪಾಯಿಂಟ್. ಈ ಸಲ ಡ್ರ್ಯಾಗನ್ ಮತ್ತು ಸವಾರನನ್ನು ಬೇರೆ ಬೇರೆ ಕೊಲ್ಲುವಂತಿಲ್ಲ. ಇಬ್ಬರ ಜೀವವೂ ಒಂದೇ ಲೆಕ್ಕದಲ್ಲಿ ಕೂಡಿಕೊಂಡಿದೆ. ಕೆಲವೇ ತಿಂಗಳಲ್ಲಿ ಸ್ಪರ್ಧೆಗಳ ಮೇಜಿನ ಮೇಲೆ ಡ್ರ್ಯಾಗನ್‌ಗಳು ತುಂಬಿಕೊಂಡವು, ಅದರ ಬಗ್ಗೆ ಗೊಣಗಾಟವೂ ಎದ್ದಿತು. ಅಟ್ಟದ ಪೆಟ್ಟಿಗೆಗಳಲ್ಲಿ ಮಲಗಿದ್ದ ಫಿರಂಗಿಗಳಿಗೆ ಈಗ ಬಣ್ಣ ಬಳಿಯುತ್ತಿದ್ದಾರೆ.